ಖಾಲಿ ಎಂದು ಕಂಡ ಫ್ರೀಕ್ವೆನ್ಸಿ ಯಾರಿಗೆ ಸೇರಿದ್ದು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯವನು. ಜನರಲ್ ದರ್ಜೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಬಂದು ಇನ್ನೂ ವರ್ಷ ತುಂಬಿಲ್ಲ. ತೋಟದ ಮರಗಳ ನಡುವೆ 40 ಮೀಟರ್, ಅಂದರೆ 7 ಮೆಗಾಹರ್ಟ್ಸ್ ಬ್ಯಾಂಡಿನ ಡೈಪೋಲ್ ಆಂಟೆನಾ ಕಟ್ಟಿದ್ದೇನೆ, ರಿಗ್ (ಕಳುಹಿಸುವ, ಕೇಳುವ ರೇಡಿಯೊ) 100 ವಾಟಿನದು. ಹೋದ ಭಾನುವಾರ ಸೂರ್ಯ ಹುಟ್ಟುವ ಮೊದಲು 7 ಮೆಗಾಹರ್ಟ್ಸಿನಲ್ಲಿ ಒಂದು ಕಡೆ ಸ್ವಲ್ಪ ಹೊತ್ತು ಕೇಳಿ, ಯಾರ ದನಿಯೂ ಇಲ್ಲವೆಂದು ಖಚಿತಪಡಿಸಿಕೊಂಡು, ಯಾರಾದರೂ ಉತ್ತರಿಸಿ ಎಂಬ ‘ಸಿಕ್ಯೂ’ ಕರೆದೆ. ಕೂಡಲೇ ಉತ್ತರ ಭಾರತದ ಹಿರಿಯ ಹ್ಯಾಮ್ ಒಬ್ಬರು ಸಿಟ್ಟಿನ ದನಿಯಲ್ಲಿ, ಇದು ಬಹಳ ವರ್ಷಗಳಿಂದ ನಮ್ಮ ನೆಟ್ (ಗೊತ್ತಾದ ಹೊತ್ತಿಗೆ ಹಲವರು ಸೇರುವ ಮಾತುಕತೆ) ನಡೆಯುವ ಫ್ರೀಕ್ವೆನ್ಸಿ, ಬೆಂಗಳೂರಿನ ಸ್ಟೇಷನ್ ಮಾತನಾಡುತ್ತಿರುವಾಗ ನೀವು ಅದರ ಮೇಲೆ ಬಂದಿದ್ದೀರಿ, ಜಾಗ ಬಿಡಿ ಎಂದರು. ನನಗೆ ಬೆಂಗಳೂರು ಕೇಳಿಸಿರಲೇ ಇಲ್ಲ. ಫ್ರೀಕ್ವೆನ್ಸಿಯೊಂದು ಯಾರಿಗಾದರೂ ಸೇರಿದ್ದು ಎಂಬುದು ನಿಯಮದಲ್ಲಿ ಇದೆಯೇ? ಹಳಬರಿಗೆ, ಹೆಚ್ಚು ಪವರ್ ಇದ್ದವರಿಗೆ ಹೆಚ್ಚಿನ ಹಕ್ಕೇ? ಹೆಚ್ಚು ಸಂಪರ್ಕ ಗಳಿಸುವ ಸ್ಪರ್ಧೆಯ ದಿನಗಳಲ್ಲಂತೂ ಬ್ಯಾಂಡಿನಲ್ಲಿ ನನ್ನಂಥವರಿಗೆ ಜಾಗವೇ ಇರುವುದಿಲ್ಲ. ಇಂಥ ಇಕ್ಕಟ್ಟಿನಲ್ಲಿ ಹೊಸಬರು ಹೇಗೆ ನಡೆದುಕೊಳ್ಳಬೇಕು?

ಉತ್ತರ:

ಮೊದಲು ನೇರ ಉತ್ತರ ಕೊಡುತ್ತೇನೆ. ಯಾವ ಹ್ಯಾಮ್‌ಗೂ, ಯಾವ ಕ್ಲಬ್ಬಿಗೂ, ಯಾವ ನೆಟ್‌ಗೂ ಒಂದು ಫ್ರೀಕ್ವೆನ್ಸಿಯ ಮೇಲೆ ಒಡೆತನವಿಲ್ಲ. ಆ ಹಿರಿಯರು ‘ನಮ್ಮ ಫ್ರೀಕ್ವೆನ್ಸಿ’ ಎಂದಿದ್ದಕ್ಕೆ ನಿಯಮದ ಆಧಾರವಿಲ್ಲ, ಸಿಟ್ಟು ಮಾಡಿಕೊಂಡಿದ್ದಕ್ಕೆ ಸಮರ್ಥನೆಯೂ ಇಲ್ಲ. ಆದರೆ ಅವರು ಹೇಳಿದ ಎರಡನೆಯ ಮಾತು, ಅಂದರೆ ಅಲ್ಲಿ ಆಗಲೇ ಒಂದು ಸಂಭಾಷಣೆ ನಡೆಯುತ್ತಿತ್ತು ಎಂಬುದು, ಬಹುಮಟ್ಟಿಗೆ ನಿಜವಾಗಿರಬೇಕು. ನಡೆಯುತ್ತಿರುವ ಸಂಭಾಷಣೆಗೆ ಅಡ್ಡಿ ಮಾಡದಿರುವುದು ಪರವಾನಗಿ ಪಡೆದ ಪ್ರತಿಯೊಬ್ಬನ ಮೇಲಿರುವ ಹೊಣೆ. ನೀವು ಕೇಳಿಸಿಕೊಂಡೇ ಕರೆದಿರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹೊತ್ತಿನಲ್ಲಿ, ಆ ಬ್ಯಾಂಡಿನಲ್ಲಿ, ಸಾಗರದಲ್ಲಿ ಕುಳಿತು ಕೇಳಿಸಿಕೊಳ್ಳುವುದಷ್ಟೇ ಸಾಕಾಗುವುದಿಲ್ಲ. ಏಕೆ ಸಾಕಾಗುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು, ಅದನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗವು 1978ರ ಹವ್ಯಾಸಿ ಸೇವೆಯ ನಿಯಮಗಳನ್ವಯ ಕೊಡುತ್ತ ಬಂದಿರುವ ಪರವಾನಗಿಯನ್ನು ಗಮನಿಸಿ ಓದಿದರೆ, ಅದು ನಿಮಗೆ ಬ್ಯಾಂಡುಗಳನ್ನು ಕೊಡುತ್ತದೆಯೇ ಹೊರತು ಅವುಗಳೊಳಗಿನ ಯಾವುದೇ ಬಿಂದುವನ್ನು ಕೊಡುವುದಿಲ್ಲ ಎಂಬುದು ಕಾಣುತ್ತದೆ. ಪೊಲೀಸ್ ಇಲಾಖೆಗೆ, ವಿಮಾನ ನಿಲ್ದಾಣಕ್ಕೆ, ಆಕಾಶವಾಣಿಯ ಕೇಂದ್ರಕ್ಕೆ ನಿರ್ದಿಷ್ಟ ಫ್ರೀಕ್ವೆನ್ಸಿಗಳು ನಿಗದಿಯಾಗಿರುತ್ತವೆ. ಹವ್ಯಾಸಿಗಳಿಗೆ ಮಾತ್ರ ಒಂದು ಬಯಲನ್ನೇ ಬಿಟ್ಟುಕೊಟ್ಟು, ಒಳಗೆ ನೀವು ನೀವೇ ಹೊಂದಿಕೊಂಡು ಹೋಗಿ ಎಂದು ಹೇಳಲಾಗಿದೆ. ಈ ವಿಶ್ವಾಸವನ್ನು ನಾನು ಹ್ಯಾಮ್ ರೇಡಿಯೊದ ದೊಡ್ಡ ಗೌರವವೆಂದೇ ಭಾವಿಸುತ್ತೇನೆ. ವಾರದ ಸಂತೆಯಲ್ಲಿ ಚೀಲ ಹಾಸಿ ಕುಳಿತವನಿಗೆ ಅವನು ಕುಳಿತಿರುವಷ್ಟು ಹೊತ್ತು ಆ ಜಾಗ ಸಲ್ಲುತ್ತದೆ, ಚೀಲ ಮಡಿಸಿದ ಮೇಲೆ ಸಲ್ಲುವುದಿಲ್ಲ. ಫ್ರೀಕ್ವೆನ್ಸಿಯ ಮೇಲಿನ ಹಕ್ಕೂ ಇಂಥದೇ, ಬಳಕೆಯಿಂದ ಹುಟ್ಟಿ ಬಳಕೆಯೊಂದಿಗೆ ಮುಗಿಯುವಂಥದು. ಹದಿನೈದು ವರ್ಷದ ರೂಢಿಗೂ ನಿನ್ನೆ ಬಂದ ಪರವಾನಗಿಗೂ ಇದರಲ್ಲಿ ವ್ಯತ್ಯಾಸವಿಲ್ಲ.

ಬಯಲು ಎಂದೆನಾದರೂ 40 ಮೀಟರಿನ ಬಯಲು ಬಹಳ ಚಿಕ್ಕದು, ಮತ್ತು ಅದು ಚಿಕ್ಕದಾದುದಕ್ಕೆ ಒಂದು ಚರಿತ್ರೆಯಿದೆ. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಹವ್ಯಾಸಿಗಳಿಗೆ ದೊರೆತದ್ದು 7000ದಿಂದ 7300 ಕಿಲೋಹರ್ಟ್ಸ್‌ವರೆಗಿನ ಪೂರ್ಣ ಪಟ್ಟಿ. 1938ರ ಕೈರೊ ಸಮ್ಮೇಳನವು ಅದರ ಮೇಲಿನ ತುದಿಗೆ, ಅಮೆರಿಕ ಖಂಡಗಳ ಹೊರಗೆ, ಪ್ರಸಾರ ಕೇಂದ್ರಗಳನ್ನು ಬಿಟ್ಟುಕೊಂಡಿತು. ಎರಡನೆಯ ಮಹಾಯುದ್ಧದ ನಂತರ 7100ರ ಮೇಲಿನ ಭಾಗವೆಲ್ಲ ನಮ್ಮ ಕಡೆ ಪ್ರಸಾರ ಕೇಂದ್ರಗಳ ಪಾಲಾಯಿತು. ಅಲ್ಲಿಂದ ಬಹಳ ಕಾಲ ಏಷ್ಯಾ ಮತ್ತು ಯುರೋಪಿನ ಹ್ಯಾಮ್‌ಗಳೆಲ್ಲ ಕೇವಲ 100 ಕಿಲೋಹರ್ಟ್ಸಿನೊಳಗೆ ಉಸಿರಾಡಬೇಕಾಗಿತ್ತು. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನವು 7100ದಿಂದ 7200ರವರೆಗಿನ ಭಾಗದಿಂದ ಪ್ರಸಾರ ಕೇಂದ್ರಗಳು ಹೊರಹೋಗಬೇಕೆಂದು ತೀರ್ಮಾನಿಸಿತು, 2009ರ ಮಾರ್ಚ್ 29ರಂದು ಅದು ಜಾರಿಗೆ ಬಂದಿತು. ಇಂದು ಭಾರತದಲ್ಲಿ ನಮಗಿರುವ 7000–7200 ಆ ಹೋರಾಟದ ಫಲ. ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟವೂ ಅದರ ಸದಸ್ಯ ಸಂಘಗಳೂ ವರ್ಷಗಟ್ಟಲೆ ಕಾಗದಪತ್ರ ಹಿಡಿದು ವಾದಿಸದೆ ಹೋಗಿದ್ದರೆ ನೀವು ಇಂದಿಗೂ ಇದರ ಅರ್ಧ ಜಾಗದಲ್ಲೇ ಇರುತ್ತಿದ್ದಿರಿ.

ಈ 200 ಕಿಲೋಹರ್ಟ್ಸನ್ನು ಲೆಕ್ಕ ಹಾಕಿ ನೋಡಿ. ಹ್ಯಾಮ್‌ಗಳು ಮಾತಿಗೆ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ವಿಧಾನಕ್ಕೆ ಸುಮಾರು 2.7 ಕಿಲೋಹರ್ಟ್ಸ್ ಅಗಲ ಬೇಕು. ಪಕ್ಕದವರಿಗೆ ತಾಗದಂತೆ 3 ಕಿಲೋಹರ್ಟ್ಸಿನ ಅಂತರ ಇಟ್ಟುಕೊಂಡರೆ ಇಡೀ ಬ್ಯಾಂಡನ್ನು ಮಾತಿಗೇ ಕೊಟ್ಟರೂ ಒಮ್ಮೆಗೆ 66 ಸಂಭಾಷಣೆಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ವಾಸ್ತವದಲ್ಲಿ ಬ್ಯಾಂಡಿನ ಕೆಳಭಾಗ ಮೋರ್ಸ್‌ಗೆ, ಅದರ ಮೇಲಿನ ತುಸು ಭಾಗ ಡಿಜಿಟಲ್ ವಿಧಾನಗಳಿಗೆ ಎಂಬ ಒಪ್ಪಂದವಿದೆ. ಮೇಲಿನ ತುದಿಯಲ್ಲಿ ಸಂಜೆಯ ಹೊತ್ತು 7205ರಲ್ಲಿ ಪ್ರಬಲ ಪ್ರಸಾರ ಕೇಂದ್ರವೊಂದು ಇದ್ದರೆ ಅದರ ಸೈಡ್‌ಬ್ಯಾಂಡ್ 7200ರವರೆಗೂ ಹರಡಿ ಕೊನೆಯ ಕೆಲವು ಕಿಲೋಹರ್ಟ್ಸುಗಳು ಕೆಡುತ್ತವೆ. ಉಳಿದ ಜಾಗವನ್ನು ಭಾರತವೂ, ಶ್ರೀಲಂಕಾ, ಇಂಡೊನೇಷ್ಯಾ, ಜಪಾನ್, ರಷ್ಯಾಗಳೂ ರಾತ್ರಿಯಾಯಿತೆಂದರೆ ಇಡೀ ಯುರೋಪೂ ಹಂಚಿಕೊಳ್ಳುತ್ತವೆ. ಹಾಗಾಗಿ ಇಕ್ಕಟ್ಟು ಯಾರೊಬ್ಬರ ದುರಾಸೆಯಿಂದ ಆದದ್ದಲ್ಲ.

ಇಲ್ಲಿ ಹೊಸಬರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. 10 ಮೆಗಾಹರ್ಟ್ಸಿಗಿಂತ ಕೆಳಗೆ ನಾವು ಲೋಯರ್ ಸೈಡ್‌ಬ್ಯಾಂಡ್ ಬಳಸುವುದರಿಂದ ಡಯಲ್ 7090 ತೋರಿಸುತ್ತಿದ್ದರೆ ನಿಮ್ಮ ದನಿ ವಾಸ್ತವವಾಗಿ ಸುಮಾರು 7087.3ರಿಂದ 7090ರವರೆಗಿನ ಜಾಗದಲ್ಲಿರುತ್ತದೆ, ಅಂದರೆ ಪೂರ್ತಿಯಾಗಿ ಡಯಲ್ಲಿನ ಕೆಳಗೆ. ನಿಮಗಿಂತ ಕೆಳಗೆ 7088ರಲ್ಲಿ ಮಾತನಾಡುತ್ತಿರುವವರ ಮೇಲಿನ ಅಂಚಿಗೆ ನೀವು ತಾಗುತ್ತೀರಿ, ಅವರು ನಿಮಗೆ ಅಷ್ಟು ಸ್ಪಷ್ಟವಾಗಿ ಕೇಳದಿದ್ದರೂ ಸಹ. 14 ಮೆಗಾಹರ್ಟ್ಸಿಗೆ ಹೋದಾಗ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಅಪ್ಪರ್ ಸೈಡ್‌ಬ್ಯಾಂಡ್, ಡಯಲ್ಲನ್ನು 14349ಕ್ಕೆ ಇಟ್ಟು ಮಾತನಾಡಿದರೆ ನಿಮ್ಮ ದನಿಯ ಹೆಚ್ಚಿನ ಭಾಗ ಬ್ಯಾಂಡಿನ ಗಡಿಯಾದ 14350ನ್ನು ದಾಟಿ ಹೋಗಿರುತ್ತದೆ.

ಇನ್ನು ನಿಮಗೆ ಬೆಂಗಳೂರು ಏಕೆ ಕೇಳಿಸಲಿಲ್ಲ ಎಂಬ ವಿಷಯಕ್ಕೆ ಬರೋಣ. ಸಾಗರದಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ 300 ಕಿಲೋಮೀಟರಿನಷ್ಟು ದೂರ. ಅಷ್ಟು ಹತ್ತಿರದ ಊರಿಗೆ 7 ಮೆಗಾಹರ್ಟ್ಸಿನ ತರಂಗ ತಲುಪಬೇಕಾದರೆ ಅದು ಬಹುತೇಕ ನೆತ್ತಿಯ ಮೇಲಕ್ಕೆ ಹೋಗಿ, ಅಯಾನುಮಂಡಲದ ಎಫ್ ಪದರದಲ್ಲಿ ಬಾಗಿ, ಅಷ್ಟೇ ಕಡಿದಾಗಿ ಕೆಳಗಿಳಿಯಬೇಕು. ಹೀಗೆ ನೇರವಾಗಿ ಮೇಲೇರಿದ ತರಂಗವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಪದರಕ್ಕೆ ಒಂದು ಮಿತಿಯವರೆಗೆ ಮಾತ್ರ ಇರುತ್ತದೆ, ಆ ಮಿತಿಯು ಸೂರ್ಯನ ಬೆಳಕಿನ ಮೇಲೆ ನಿಂತಿದೆ. ಹಗಲು ಹತ್ತು ಗಂಟೆಗೆ ದಕ್ಷಿಣ ಭಾರತದ ಮೇಲೆ ಈ ಮಿತಿ ಸಾಮಾನ್ಯವಾಗಿ 7 ಮೆಗಾಹರ್ಟ್ಸಿಗಿಂತ ಮೇಲಿರುತ್ತದೆ, ಆಗ ಬೆಂಗಳೂರು, ಹುಬ್ಬಳ್ಳಿ, ಮೈಸೂರು ಎಲ್ಲವೂ ನಿಮಗೆ ಸ್ಪಷ್ಟವಾಗಿ ಕೇಳಿಸುತ್ತವೆ. ರಾತ್ರಿಯುದ್ದಕ್ಕೂ ಪದರ ತೆಳುವಾಗುತ್ತ ಬಂದು ಸೂರ್ಯೋದಯಕ್ಕೆ ತುಸು ಮುಂಚೆ ಮಿತಿಯು ದಿನದ ಅತ್ಯಂತ ಕೆಳಮಟ್ಟಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕಡಿದಾಗಿ ಮೇಲೇರಿದ ತರಂಗ ಪದರವನ್ನು ತೂರಿಕೊಂಡು ಆಕಾಶಕ್ಕೆ ಹೋಗಿಬಿಡುತ್ತದೆ, ಓರೆಯಾಗಿ ಹೋದದ್ದು ಮಾತ್ರ ಬಾಗಿ ದೂರದಲ್ಲಿ ಇಳಿಯುತ್ತದೆ. ಪರಿಣಾಮವಾಗಿ ನಿಮ್ಮ ಸುತ್ತ ಕೆಲವು ನೂರು ಕಿಲೋಮೀಟರುಗಳ ಒಂದು ಮೌನದ ವಲಯ ಉಂಟಾಗುತ್ತದೆ. ಇದನ್ನೇ ಸ್ಕಿಪ್ ವಲಯ ಎನ್ನುತ್ತೇವೆ. ನೀವು ಕರೆದದ್ದು ಸರಿಯಾಗಿ ಆ ಹೊತ್ತಿನಲ್ಲಿ. ಬೆಂಗಳೂರು ನಿಮ್ಮ ಮೌನದ ವಲಯದೊಳಗಿತ್ತು, ನೀವು ಬೆಂಗಳೂರಿನ ಮೌನದ ವಲಯದೊಳಗಿದ್ದಿರಿ, ಆದರೆ ಉತ್ತರ ಭಾರತದ ಆ ಹಿರಿಯರಿಗೆ ನೀವಿಬ್ಬರೂ ಒಂದೇ ಬಲದಲ್ಲಿ, ಒಬ್ಬರ ಮೇಲೊಬ್ಬರು ಬಿದ್ದಂತೆ ಕೇಳಿಸಿದಿರಿ. ಅವರ ಕಿವಿಗೆ ಅದು ಉದ್ಧಟತನದಂತೆ ಕಂಡಿತು, ನಿಮ್ಮ ಕಿವಿಗೆ ಅವರ ಮಾತು ದಬ್ಬಾಳಿಕೆಯಂತೆ ಕಂಡಿತು. ಇಬ್ಬರೂ ತಮಗೆ ಕೇಳಿಸಿದ್ದನ್ನೇ ನಂಬಿ ನಡೆದಿರಿ. ಹ್ಯಾಮ್ ಬ್ಯಾಂಡುಗಳಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

20 ಮೀಟರಿನಲ್ಲಿ, ಅಂದರೆ 14 ಮೆಗಾಹರ್ಟ್ಸಿನಲ್ಲಿ, ಈ ವಲಯ ಇನ್ನೂ ದೊಡ್ಡದು. ಅಲ್ಲಿ ಹಗಲಿನಲ್ಲೂ ಸಾವಿರ ಕಿಲೋಮೀಟರಿನೊಳಗಿನವರು ಪರಸ್ಪರ ಕೇಳಿಸದಿರುವುದು ಸಾಮಾನ್ಯ. ನೀವೂ ಹೈದರಾಬಾದಿನ ಒಬ್ಬರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇಟಲಿಯನ್ನು ಕರೆಯುತ್ತಿದ್ದರೆ, ಇಬ್ಬರಿಗೂ ಫ್ರೀಕ್ವೆನ್ಸಿ ಶುಚಿಯಾಗಿ ಕಾಣುತ್ತದೆ, ಕಷ್ಟಪಡುವವರು ಇಟಲಿಯವರು ಮಾತ್ರ.

ಆದ್ದರಿಂದ ಕೇಳುವುದಷ್ಟೇ ಅಲ್ಲ, ವಿಚಾರಿಸುವುದೂ ಬೇಕು. ಸಂಭಾಷಣೆಯ ಒಂದೇ ಬದಿ ನಿಮಗೆ ಕೇಳಿಸುವ ಸಾಧ್ಯತೆ ಇರುವುದರಿಂದ, ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಮಾತನಾಡಲು ಹಿಡಿಯುವಷ್ಟು ಕಾಲ ಕಾದು ಕೇಳಬೇಕು. ನೆಟ್‌ಗಳಲ್ಲಿ ಒಬ್ಬರ ಸರದಿ ಎರಡು ಮೂರು ನಿಮಿಷ ಹಿಡಿಯುವುದು ಅಪರೂಪವಲ್ಲ. ಆಮೇಲೆ ನಿಮ್ಮ ಕಾಲ್ ಸೈನ್ (ಪರವಾನಗಿಯೊಡನೆ ಸಿಕ್ಕ ಗುರುತು) ಹೇಳಿ, ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿ. ಕೇಳುಗರು ಯಾವ ದೇಶದವರೆಂದು ತಿಳಿಯದಿರುವಾಗ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಕೇಳುವುದೇ ಉಚಿತ, ಕನ್ನಡದ ಗೆಳೆಯರು ಸಿಕ್ಕ ಮೇಲೆ ಧಾರಾಳವಾಗಿ ಕನ್ನಡದಲ್ಲಿ ಮಾತನಾಡಬಹುದು. ಐದು ಹತ್ತು ಸೆಕೆಂಡು ಕಾದು ಇನ್ನೊಮ್ಮೆ ಕೇಳಿ. ಎರಡು ಸಲ ಕೇಳಬೇಕೆನ್ನುವುದಕ್ಕೆ ಕಾರಣವಿದೆ: ಮೊದಲನೆಯ ಸಲ ನೀವು ಕೇಳಿದಾಗ ನಿಮಗೆ ಕೇಳಿಸದ ಆ ಬೆಂಗಳೂರಿನ ಸ್ಟೇಷನ್ ಮಾತನಾಡುತ್ತಿದ್ದರೆ ಅವರನ್ನು ಕೇಳುತ್ತಿರುವ ಉತ್ತರ ಭಾರತದವರಿಗೆ ನಿಮ್ಮ ಪ್ರಶ್ನೆ ಆ ಮಾತಿನ ಅಡಿಯಲ್ಲಿ ಮುಚ್ಚಿಹೋಗಬಹುದು. ಮೋರ್ಸ್‌ನಲ್ಲಾದರೆ ಇದೇ ಅರ್ಥದ ‘ಕ್ಯೂಆರ್‌ಎಲ್’ ಎಂದು ಪ್ರಶ್ನೆಯ ಚಿಹ್ನೆಯೊಡನೆ ಕಳುಹಿಸಿ ಕಾಯುವುದು ವಾಡಿಕೆ. ಬರೀ ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಕಳುಹಿಸುವವರಿದ್ದಾರೆ, ಅದು ಏನು ಕೇಳುತ್ತಿದೆ ಎಂಬುದೇ ಸ್ಪಷ್ಟವಾಗದ ಕಾರಣ ನಾನು ಅದನ್ನು ಒಪ್ಪುವುದಿಲ್ಲ. ‘ಹೌದು, ಬಳಕೆಯಲ್ಲಿದೆ’ ಎಂಬ ಉತ್ತರ ಬಂದರೆ ವಾದಕ್ಕೆ ನಿಲ್ಲದೆ ಧನ್ಯವಾದ ಹೇಳಿ ಮೂರು ನಾಲ್ಕು ಕಿಲೋಹರ್ಟ್ಸ್ ಸರಿದುಕೊಳ್ಳಿ.

ನಿಮ್ಮ ಸ್ಥಳದಲ್ಲಿ ಕೇಳಿಸದ್ದನ್ನು ಬೇರೆ ಕಡೆಯಿಂದ ಕೇಳುವ ಅನುಕೂಲವೂ ಈಗ ಇದೆ. ಅಂತರ್ಜಾಲದ ಮೂಲಕ ಕೇಳಬಹುದಾದ ರಿಸೀವರುಗಳನ್ನು ಅನೇಕ ದೇಶಗಳ ಹ್ಯಾಮ್‌ಗಳು ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ದೂರದ ಒಂದು ರಿಸೀವರನ್ನು ಅದೇ ಫ್ರೀಕ್ವೆನ್ಸಿಗೆ ಇಟ್ಟು ಕೇಳಿದರೆ ನಿಮ್ಮ ಮೌನದ ವಲಯದಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿಯುತ್ತದೆ, ನಿಮ್ಮ ಸಿಗ್ನಲ್ ಎಷ್ಟು ಅಗಲವಾಗಿ ಹರಡಿದೆ ಎಂಬುದೂ ಪರದೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಹೊಸಬರೆಲ್ಲ ಇದನ್ನು ಒಮ್ಮೆಯಾದರೂ ಮಾಡಿ ನೋಡಬೇಕು.

ನೆಟ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಬೆಳಗಿನ ನೆಟ್‌ಗಳು ನಮ್ಮ ದೇಶದ ಹ್ಯಾಮ್ ಜೀವನದ ಬೆನ್ನೆಲುಬು. ವಯಸ್ಸಾದವರ ಕ್ಷೇಮಸಮಾಚಾರ, ಆಂಟೆನಾಗಳ ಪರೀಕ್ಷೆ, ಹೊಸಬರಿಗೆ ಮೊದಲ ಧೈರ್ಯ, ಮಳೆಗಾಲದಲ್ಲಿ ಯಾವ ಭಾಗದ ಸ್ಟೇಷನ್ನುಗಳು ಬಾನಿನಲ್ಲಿವೆ ಎಂಬ ಮಾಹಿತಿ, ಇವೆಲ್ಲ ಅಲ್ಲಿ ದೊರೆಯುತ್ತವೆ. ಹಾಗಾಗಿ ನೆಟ್ ಆರಂಭವಾಗುವ ಹೊತ್ತು ಸಮೀಪಿಸಿದೆ ಎಂದು ಯಾರಾದರೂ ವಿನಯದಿಂದ ತಿಳಿಸಿದರೆ, ನಿಮ್ಮ ಮಾತುಕತೆ ಮುಗಿಸಿಕೊಂಡು ಸರಿದುಕೊಡುವುದು ಒಳ್ಳೆಯ ನಡತೆ. ಅದು ನೀವು ಮಾಡುವ ಉಪಕಾರವೇ ಹೊರತು ಅವರಿಗೆ ಸಲ್ಲಬೇಕಾದ ಕಂದಾಯವಲ್ಲ. ನೆಟ್ ನಡೆಸುವವರಿಗೂ ಇದರಷ್ಟೇ ತೂಕದ ಹೊಣೆಗಳಿವೆ. ತಮ್ಮ ಹೊತ್ತಿಗೆ ಅಲ್ಲಿ ಬೇರೆಯವರು ಮಾತನಾಡುತ್ತಿದ್ದರೆ ಐದು ಕಿಲೋಹರ್ಟ್ಸ್ ಮೇಲೋ ಕೆಳಗೋ ಹೋಗಿ ನೆಟ್ ಶುರುಮಾಡಬೇಕು, ಅದಕ್ಕಾಗಿ ಬದಲಿ ಫ್ರೀಕ್ವೆನ್ಸಿಯನ್ನು ಸದಸ್ಯರಿಗೆ ಮೊದಲೇ ತಿಳಿಸಿಟ್ಟಿರಬೇಕು. ನೆಟ್‌ಗೆ ಅರ್ಧ ಗಂಟೆ ಮುಂಚೆಯೇ ಬಂದು ಸುಮ್ಮನೆ ಏನಾದರೂ ಮಾತನಾಡುತ್ತ ಜಾಗ ಹಿಡಿದಿಡುವ ಅಭ್ಯಾಸವನ್ನು ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೇಲೆ ಬಂದು ಬಿದ್ದ ಹೊಸ ಕಾಲ್ ಸೈನನ್ನು ಕಂಡರೆ ನೆಟ್ ಕಂಟ್ರೋಲ್ ಮಾಡಬೇಕಾದ ಮೊದಲ ಕೆಲಸ ಆತನನ್ನು ಹೆಸರು ಕೇಳಿ ಬರಮಾಡಿಕೊಳ್ಳುವುದು. ಭಾರತದ ಕಾಲ್ ಸೈನುಗಳ ಆರಂಭವಾದ ವಿಯು3 ಎಂದೋ ಹೊಸ ವಿಯು2 ಎಂದೋ ಹೇಳಿಕೊಳ್ಳುವ ದನಿಗಳೇ ಕಡಿಮೆಯಾಗುತ್ತಿವೆ ಎಂದು ಹಿರಿಯರು ಕೊರಗುತ್ತಾರೆ. ಬಂದ ದನಿಯನ್ನು ಗದರಿಸಿ ಕಳುಹಿಸಿದರೆ ಆ ಕೊರಗಿಗೆ ಅರ್ಥ ಉಳಿಯುವುದಿಲ್ಲ. ನೀವು ಮುಂದಿನ ಭಾನುವಾರ ಅದೇ ನೆಟ್‌ಗೆ ಹೋಗಿ, ಸ್ಕಿಪ್‌ನಿಂದಾಗಿ ಬೆಂಗಳೂರು ಕೇಳಿಸಿರಲಿಲ್ಲವೆಂದು ತಿಳಿಸಿ ಚೆಕ್‌ಇನ್ ಮಾಡಿಕೊಳ್ಳಿ. ಅವರು ನಿಮ್ಮನ್ನು ನೆಟ್‌ಗೆ ಸೇರಿಸಿಕೊಳ್ಳುತ್ತಾರೆಂದೇ ನನ್ನ ನಿರೀಕ್ಷೆ. ಸಾಗರದಿಂದ ಒಂದು ಸ್ಟೇಷನ್ ಇರುವುದು ಆ ನೆಟ್‌ಗೂ ಲಾಭವೇ.

ಪವರ್ ಹೆಚ್ಚಿದ್ದವರಿಗೆ ಹೆಚ್ಚಿನ ಹಕ್ಕಿಲ್ಲ. ಸಂಭಾಷಣೆಗೆ ಬೇಕಾಗುವಷ್ಟು ಕಡಿಮೆ ಪವರ್ ಬಳಸಬೇಕೆಂಬುದು ಜಗತ್ತಿನೆಲ್ಲೆಡೆ ಹ್ಯಾಮ್‌ಗಳು ಒಪ್ಪಿಕೊಂಡ ಶಿಸ್ತು. ನಮ್ಮಲ್ಲಿ ರೆಸ್ಟ್ರಿಕ್ಟೆಡ್ ದರ್ಜೆಗೆ 50 ವಾಟ್, ಜನರಲ್ ದರ್ಜೆಗೆ 400 ವಾಟ್ ಮಿತಿಯಿದೆ. ಎಂಟು ಪಟ್ಟು ಎಂದಾಗ ದೊಡ್ಡ ಅಂತರವೆನಿಸುತ್ತದೆ, ಆದರೆ ಅದು 9 ಡೆಸಿಬೆಲ್, ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನ ಮೇಲೆ ಒಂದೂವರೆ ಅಂಕ ಮಾತ್ರ. ನಿಮ್ಮ 100 ವಾಟಿಗೂ ಅವರ 400 ವಾಟಿಗೂ ಇರುವುದು ಒಂದೇ ಒಂದು ಅಂಕದ ವ್ಯತ್ಯಾಸ. ಡೈಪೋಲನ್ನು ಇನ್ನಷ್ಟು ಎತ್ತರಕ್ಕೆ ಏರಿಸಿದರೆ ದೂರದ ಸ್ಟೇಷನ್ನುಗಳಿಗೆ ಅಷ್ಟು ಲಾಭ ನೀವೇ ಗಳಿಸಿಕೊಳ್ಳಬಹುದು. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಕೊಳಕು ಸಿಗ್ನಲ್. ಮೈಕ್ ಗೇನನ್ನೂ ಕಂಪ್ರೆಸರನ್ನೂ ಅತಿಯಾಗಿ ಏರಿಸಿ, ಕಳುಹಿಸುವ ಮಟ್ಟದ ಮಿತಿ ತೋರಿಸುವ ಎಎಲ್‌ಸಿ ಮುಳ್ಳು ಮಿತಿ ದಾಟುವಂತೆ ಕೂಗಿದರೆ 2.7 ಕಿಲೋಹರ್ಟ್ಸಿನಲ್ಲಿ ಇರಬೇಕಾದ ದನಿ ಆರೇಳು ಕಿಲೋಹರ್ಟ್ಸ್ ಹರಡಿಕೊಂಡು ಎರಡೂ ಪಕ್ಕದ ಸಂಭಾಷಣೆಗಳನ್ನು ಹಾಳುಮಾಡುತ್ತದೆ. ಅಂಥವರು ಒಂದೇ ಫ್ರೀಕ್ವೆನ್ಸಿಯಲ್ಲಿ ಕುಳಿತು ಮೂವರ ಜಾಗ ತಿನ್ನುತ್ತಾರೆ, ಮತ್ತು ದುರದೃಷ್ಟವಶಾತ್ ತಮ್ಮ ಆಡಿಯೊ ಬಹಳ ‘ಪಂಚ್’ ಇದೆ ಎಂಬ ಹೊಗಳಿಕೆಯನ್ನೂ ಪಡೆಯುತ್ತಾರೆ. ನಿಮ್ಮ ಸಿಗ್ನಲ್ ಅಗಲವಾಗಿದೆಯೆಂದು ಪಕ್ಕದವರು ಹೇಳಿದರೆ ಅದನ್ನು ಅವಮಾನವೆಂದು ತಿಳಿಯದೆ ಕೂಡಲೇ ಪರೀಕ್ಷಿಸಿಕೊಳ್ಳಿ.

ಪವರ್ ಹಂಚಿಕೆಯ ಬಗ್ಗೆ ನಾನು ಕಂಡ ಅತ್ಯುತ್ತಮ ಪಾಠ ಬೆಂಗಳೂರಿನಲ್ಲೇ ತಯಾರಾದ ಒಂದು ಉಪಗ್ರಹದ್ದು. ಇಸ್ರೊ 2005ರ ಮೇ 5ರಂದು ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆಗೆ ಹಾರಿಸಿದ ಹ್ಯಾಮ್‌ಸ್ಯಾಟ್, ಅಥವಾ ವಿಒ-52, ಸುಮಾರು 42 ಕಿಲೋಗ್ರಾಂ ತೂಕದ ಪುಟ್ಟ ಉಪಗ್ರಹ. ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ, 2014ರ ಜುಲೈವರೆಗೆ, ಅದು ಜಗತ್ತಿನ ಹ್ಯಾಮ್‌ಗಳಿಗೆ ಸೇವೆ ಸಲ್ಲಿಸಿತು. ಅದರ ಟ್ರಾನ್ಸ್‌ಪಾಂಡರ್ 435 ಮೆಗಾಹರ್ಟ್ಸಿನ ಸುತ್ತಲಿನ ಕೆಲವು ಹತ್ತು ಕಿಲೋಹರ್ಟ್ಸಿನ ಪಟ್ಟಿಯನ್ನು ಒಟ್ಟಾಗಿ ಸ್ವೀಕರಿಸಿ 145 ಮೆಗಾಹರ್ಟ್ಸಿನಲ್ಲಿ ಒಟ್ಟಾಗಿ ಮರಳಿಸುತ್ತಿತ್ತು. ಇಂಥ ಉಪಗ್ರಹದ ಔಟ್‌ಪುಟ್ ಪವರ್ ಇರುವುದು ಒಂದೇ ಒಂದು ಗಂಟು. ನೆಲದಿಂದ ಒಬ್ಬರು ಅಗತ್ಯಕ್ಕಿಂತ ಹೆಚ್ಚು ಪವರ್ ಕಳುಹಿಸಿದರೆ ಆ ಗಂಟಿನ ಹೆಚ್ಚಿನ ಪಾಲು ಅವರ ಸಿಗ್ನಲ್ಲಿಗೇ ಹೋಗಿ, ಉಪಗ್ರಹ ತನ್ನ ಗೇನನ್ನು ಇಳಿಸಿಕೊಂಡು, ಅದೇ ಹೊತ್ತಿನಲ್ಲಿ ಮಾತನಾಡುತ್ತಿರುವ ಉಳಿದ ಎಲ್ಲರೂ ಕ್ಷೀಣವಾಗುತ್ತಾರೆ. ತನ್ನ ದನಿ ಉಪಗ್ರಹದ ಮೂಲಕ ಮರಳಿ ಬಂದಾಗ ಅದು ಉಪಗ್ರಹ ತಾನೇ ಕಳುಹಿಸುವ ಗುರುತಿನ ಸಿಗ್ನಲ್ಲಾದ ಬೀಕನ್ನಿಗಿಂತ ಜೋರಾಗಿದ್ದರೆ ಪವರ್ ಇಳಿಸಬೇಕು ಎಂಬ ಸರಳ ಶಿಸ್ತನ್ನು ಆ ಕಾಲದಲ್ಲಿ ಉಪಗ್ರಹದ ಹ್ಯಾಮ್‌ಗಳು ಕಲಿತರು. 7, 14 ಮೆಗಾಹರ್ಟ್ಸಿನಂಥ ಎಚ್‌ಎಫ್ ಬ್ಯಾಂಡುಗಳಲ್ಲಿ ಇಂಥ ತತ್‌ಕ್ಷಣದ ಕನ್ನಡಿ ಇಲ್ಲದಿರುವುದರಿಂದ ಅಲ್ಲಿ ನಮ್ಮ ಅತಿರೇಕ ನಮಗೇ ಕಾಣುವುದಿಲ್ಲ.

ಸ್ಪರ್ಧೆಗಳ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ, ಆದರೆ ಅದಕ್ಕೆ ದಾರಿ ಇದೆ. ಅತಿ ದೊಡ್ಡ ಸ್ಪರ್ಧೆಗಳ ದಿನಗಳು ಮೊದಲೇ ಗೊತ್ತಿರುತ್ತವೆ. ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಯ ಮಾತಿನ ಭಾಗ ಅಕ್ಟೋಬರಿನ ಕೊನೆಯ ವಾರಾಂತ್ಯದಲ್ಲಿ, ಮೋರ್ಸ್ ಭಾಗ ನವೆಂಬರಿನ ಕೊನೆಯ ವಾರಾಂತ್ಯದಲ್ಲಿ ತಲಾ 48 ಗಂಟೆ ನಡೆಯುತ್ತದೆ. ಆ ಎರಡು ದಿನ 7, 14, 21 ಮೆಗಾಹರ್ಟ್ಸುಗಳಲ್ಲಿ ಸಾವಧಾನದ ಹರಟೆಗೆ ಜಾಗ ಹುಡುಕುವುದು ವ್ಯರ್ಥ. 1979ರ ವಿಶ್ವ ಆಡಳಿತಾತ್ಮಕ ರೇಡಿಯೊ ಸಮ್ಮೇಳನದಲ್ಲಿ ದೊರೆತ 10, 18 ಮತ್ತು 24 ಮೆಗಾಹರ್ಟ್ಸಿನ ಮೂರು ಬ್ಯಾಂಡುಗಳಲ್ಲಿ ಸ್ಪರ್ಧೆ ನಡೆಸಬಾರದೆಂಬ ಒಪ್ಪಂದವನ್ನು ಇಡೀ ಜಗತ್ತಿನ ಹ್ಯಾಮ್‌ಗಳು ಇಂದಿಗೂ ಪಾಲಿಸುತ್ತಿದ್ದಾರೆ. ಸ್ಪರ್ಧೆಯ ದಿನ ಮಾತಿಗೆ 18.068ರಿಂದ 18.168ರವರೆಗಿನ ಬ್ಯಾಂಡಿನ ಮೇಲ್ಭಾಗಕ್ಕೆ ಹೋಗಿ, ಅಲ್ಲಿ ನೆಮ್ಮದಿ ಇರುತ್ತದೆ. 10.100ರಿಂದ 10.150ರವರೆಗಿನದು 50 ಕಿಲೋಹರ್ಟ್ಸಿನ ಕಿರಿದಾದ ಬ್ಯಾಂಡ್, ಅಲ್ಲಿ ಮೋರ್ಸ್ ಮತ್ತು ಕಡಿಮೆ ಅಗಲದ ಡಿಜಿಟಲ್ ವಿಧಾನಗಳಷ್ಟೇ ಸರಿ. ಆ ಬ್ಯಾಂಡಿನಲ್ಲಿ ನಾವು ಎರಡನೆಯ ಸಾಲಿನ ಬಳಕೆದಾರರು ಎಂಬುದನ್ನೂ ನೆನಪಿಡಿ. ಅಲ್ಲಿನ ಮೊದಲ ಸಾಲಿನ ಸೇವೆಗೆ ತೊಂದರೆ ಕೊಡುವಂತಿಲ್ಲ, ಅವರಿಂದ ನಮಗೆ ತೊಂದರೆಯಾದರೆ ದೂರುವಂತೆಯೂ ಇಲ್ಲ. ಹಾಗೆಯೇ ಸೂರ್ಯಚಕ್ರದ ಏರಿಳಿತವನ್ನೂ ಗಮನಿಸುತ್ತಿರಿ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ 15, 12 ಮತ್ತು 10 ಮೀಟರುಗಳು ಹಗಲೆಲ್ಲ ತೆರೆದಿರುತ್ತವೆ, 10 ಮೀಟರ್ ಒಂದರಲ್ಲೇ 1700 ಕಿಲೋಹರ್ಟ್ಸ್ ಜಾಗವಿದೆ. ಅಂಥ ದಿನಗಳಲ್ಲೂ ಅಭ್ಯಾಸಬಲದಿಂದ ಎಲ್ಲರೂ 7 ಮೆಗಾಹರ್ಟ್ಸಿನಲ್ಲೇ ಒತ್ತೊತ್ತಾಗಿ ಕುಳಿತಿರುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಕಡಿಮೆ ಜಾಗದಲ್ಲಿ ಹೆಚ್ಚು ಜನ ಇರುವುದಕ್ಕೆ ಕಾಲವನ್ನು ಹಂಚಿಕೊಳ್ಳುವುದು ಇನ್ನೊಂದು ಉಪಾಯ. 14.100 ಮೆಗಾಹರ್ಟ್ಸಿಗೆ ಹೋಗಿ ಮೂರು ನಿಮಿಷ ಕೇಳಿ ನೋಡಿ. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿರುವ 18 ಬೀಕನ್ನುಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ತಲಾ 10 ಸೆಕೆಂಡಿನಂತೆ, ಸರದಿ ತಪ್ಪದೆ ಬರುತ್ತವೆ. ಪ್ರತಿಯೊಂದೂ ಮೋರ್ಸ್‌ನಲ್ಲಿ ತನ್ನ ಕಾಲ್ ಸೈನ್ ಕಳುಹಿಸಿ, ಆಮೇಲೆ 100, 10, 1 ಮತ್ತು 0.1 ವಾಟಿನಲ್ಲಿ ನಾಲ್ಕು ಡ್ಯಾಶ್‌ಗಳನ್ನು ಕಳುಹಿಸುತ್ತದೆ. ಕೊಲಂಬೊದ 4ಎಸ್7ಬಿ ನಮಗೆ ಹತ್ತಿರದ್ದು, ಅದು ಕೇಳಿಸದೆ ದೂರದವು ಕೇಳಿಸಿದರೆ ಸ್ಕಿಪ್ ವಲಯವನ್ನು ನಿಮ್ಮ ಕಿವಿಯಿಂದಲೇ ಅಳೆದಂತಾಯಿತು. ಆ ಫ್ರೀಕ್ವೆನ್ಸಿಯಲ್ಲಾಗಲಿ ಅದರ ಅಕ್ಕಪಕ್ಕದಲ್ಲಾಗಲಿ ಎಂದಿಗೂ ಕರೆಯಬೇಡಿ. ಇದೇ ಕಾಲಹಂಚಿಕೆಯ ತತ್ವವನ್ನು 2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಇನ್ನಷ್ಟು ಮುಂದಕ್ಕೆ ಒಯ್ದಿದೆ. ಸ್ಟೀವ್ ಫ್ರಾಂಕೆ ಮತ್ತು ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಜೋ ಟೇಲರ್ ರೂಪಿಸಿದ ಈ ವಿಧಾನದಲ್ಲಿ ಒಂದು ಸಿಗ್ನಲ್ಲಿನ ಅಗಲ ಕೇವಲ 50 ಹರ್ಟ್ಸ್, ಕಳುಹಿಸುವುದು ಮತ್ತು ಕೇಳುವುದು 15 ಸೆಕೆಂಡಿಗೊಮ್ಮೆ ಬದಲಾಗುತ್ತದೆ. 7.074ರಲ್ಲಿ ಒಂದೇ ಮಾತಿನ ಸಂಭಾಷಣೆ ಹಿಡಿಯುವಷ್ಟು ಜಾಗದಲ್ಲಿ ಹತ್ತಾರು ಸಂಪರ್ಕಗಳು ಒಟ್ಟಿಗೆ ನಡೆಯುತ್ತವೆ. ಅಲ್ಲಿ ಮಾತಿನ ಆತ್ಮೀಯತೆ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ, ಆದರೂ ಇಕ್ಕಟ್ಟಿನ ರಾತ್ರಿಗಳಲ್ಲಿ ಅದು ಮಾಡುವ ಉಪಕಾರ ದೊಡ್ಡದು. ಡಯಲ್ಲಿನ ಆ ಭಾಗಗಳಲ್ಲಿ ಮಾತಿನಿಂದ ಕರೆಯದಿರುವುದು ನಾವು ಮಾಡಬೇಕಾದ ಪ್ರತ್ಯುಪಕಾರ.

ಅಪರೂಪದ ಸ್ಟೇಷನ್ ಬಂದಾಗ ಎಲ್ಲರೂ ಒಮ್ಮೆಗೇ ಕರೆಯುವ ಪೈಲಪ್ಪಿನಲ್ಲಿ ಸ್ಪ್ಲಿಟ್ ಎಂಬ ಪದ್ಧತಿ ಇದೆ. ಆತ ಒಂದು ಕಡೆ ಮಾತನಾಡಿ, ಐದು ಹತ್ತು ಕಿಲೋಹರ್ಟ್ಸ್ ಮೇಲೆ ಕೇಳುತ್ತಾನೆ. ಆತನ ಫ್ರೀಕ್ವೆನ್ಸಿಯಲ್ಲೇ ಕರೆದರೆ ನೂರಾರು ಜನರಿಗೆ ಆತನ ದನಿ ಮುಚ್ಚಿಹೋಗುತ್ತದೆ. ಎಲ್ಲಿ ಕೇಳುತ್ತಿದ್ದಾನೆ ಎಂದು ತಿಳಿಯುವವರೆಗೆ ಮೈಕ್ ಒತ್ತಬೇಡಿ. ಅಲ್ಲಿ ಯಾರಾದರೂ ತಪ್ಪಿ ಕರೆದಾಗ ಅವರನ್ನು ತಿದ್ದುವುದಕ್ಕೆಂದು ಅದೇ ಫ್ರೀಕ್ವೆನ್ಸಿಯಲ್ಲಿ ಕೂಗುವವರು ತಪ್ಪಿದವರಿಗಿಂತ ಹೆಚ್ಚು ಹಾನಿ ಮಾಡುತ್ತಾರೆ.

ಈ ಎಲ್ಲ ಹೊಂದಾಣಿಕೆಗಳನ್ನೂ ಬದಿಗಿಡುವ ಸಂದರ್ಭ ಒಂದೇ, ತುರ್ತು ಸಂಪರ್ಕ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ತಂಡ ಪೋರ್ಟ್ ಬ್ಲೇರಿನಿಂದ ವಿಯು4ಆರ್‌ಬಿಐ ಎಂಬ ಕಾಲ್ ಸೈನಿನಲ್ಲಿ ಬಾನಿಗೆ ಬಂದಾಗ, ಬಹಳ ವರ್ಷಗಳಿಂದ ಮೌನವಾಗಿದ್ದ ಅಂಡಮಾನನ್ನು ಹಿಡಿಯಲು ಜಗತ್ತಿನ ಹ್ಯಾಮ್‌ಗಳೆಲ್ಲ ಮುಗಿಬಿದ್ದಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿ ದೂರವಾಣಿಗಳು ಸತ್ತಾಗ ಅದೇ ರಿಗ್ಗುಗಳು ದ್ವೀಪಗಳ ಮತ್ತು ಮುಖ್ಯಭೂಮಿಯ ನಡುವಿನ ಸಂದೇಶವಾಹಕಗಳಾದವು, ಬದುಕುಳಿದವರ ಸುದ್ದಿ ಮನೆಮನೆಗೆ ತಲುಪಿತು. ಅಂಥ ವೇಳೆಯಲ್ಲಿ ಕೇಳಿಸಿಕೊಳ್ಳುವುದು ಮಾತ್ರ ನಮ್ಮ ಕೆಲಸ, ಕರೆಯದ ಹೊರತು ನೆರವಿಗೂ ನುಗ್ಗಬಾರದು. ನಮ್ಮ ಏಷ್ಯಾ-ಪೆಸಿಫಿಕ್ ವಲಯದಲ್ಲಿ 7110 ಕಿಲೋಹರ್ಟ್ಸನ್ನೂ, ಜಗತ್ತಿನಾದ್ಯಂತ 14300 ಕಿಲೋಹರ್ಟ್ಸನ್ನೂ ತುರ್ತಿನ ಕೇಂದ್ರಬಿಂದುಗಳೆಂದು ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ ಗುರುತಿಸಿದೆ. ಮಳೆಗಾಲದ ಪ್ರವಾಹದ ದಿನಗಳಲ್ಲಿ ಇವುಗಳ ಅಕ್ಕಪಕ್ಕವನ್ನೂ ಬಿಟ್ಟುಕೊಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ವಿಷಯ ಉಳಿದಿದೆ. ಉದ್ದೇಶಪೂರ್ವಕವಾಗಿ ಅಡ್ಡಿ ಮಾಡುವವರು, ಶಿಳ್ಳೆ ಹಾಕುವವರು, ಕಾಲ್ ಸೈನ್ ಇಲ್ಲದೆ ಬೈಯುವವರು ಒಂದಲ್ಲ ಒಂದು ದಿನ ನಿಮಗೆ ಎದುರಾಗುತ್ತಾರೆ. ಅವರಿಗೆ ಉತ್ತರ ಕೊಡಬೇಡಿ, ಅವರು ಇರುವುದನ್ನು ಉಲ್ಲೇಖಿಸಲೂ ಬೇಡಿ. ಉತ್ತರವೇ ಅವರಿಗೆ ಬೇಕಾದದ್ದು. ದಿನಾಂಕ, ಸಮಯ, ಫ್ರೀಕ್ವೆನ್ಸಿ, ಸಿಗ್ನಲ್ಲಿನ ಬಲವನ್ನು ಲಾಗ್‌ನಲ್ಲಿ ಬರೆದಿಟ್ಟು, ಸಾಧ್ಯವಾದರೆ ಧ್ವನಿಮುದ್ರಿಸಿಕೊಳ್ಳಿ. ಪದೇಪದೇ ನಡೆದರೆ ಆ ವಿವರಗಳನ್ನು ನಿಮ್ಮ ಕ್ಲಬ್ಬಿನ ಮೂಲಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆಗೆ ಒಪ್ಪಿಸಬಹುದು. ಹೊರದೇಶದ ರೇಡಾರ್ ಅಥವಾ ಪ್ರಸಾರ ಕೇಂದ್ರ ನಮ್ಮ ಬ್ಯಾಂಡಿಗೆ ನುಗ್ಗಿದ್ದಾದರೆ ಒಕ್ಕೂಟದ ಮಾನಿಟರಿಂಗ್ ವ್ಯವಸ್ಥೆಗೆ ತಿಳಿಸಬಹುದು. ಆದರೆ ಯಾರನ್ನಾದರೂ ಈ ಪಟ್ಟಿಗೆ ಸೇರಿಸುವ ಮೊದಲು, ಅವರಿಗೆ ನಿಮ್ಮ ಸಿಗ್ನಲ್ ಕೇಳಿಸುತ್ತಿತ್ತೇ ಎಂಬುದನ್ನು ದೂರದ ರಿಸೀವರಿನಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಿ.